ಮೊದಲು ಅಪ್ಪನ ಲಾಗ್‌ಬುಕ್, ಆಮೇಲೆ ಆಟ

ಪ್ರಶ್ನೆ: ನಮ್ಮ ತಂದೆ ನಿವೃತ್ತ ಮೇಷ್ಟ್ರು. 2004ರಿಂದ ಎಂಟು ವರ್ಷ ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರ್ 2004 ಎಂಬ ವಿಮಾನ ಹಾರಿಸುವ ಆಟ ಆಡಿದ್ದಾರೆ. ನಾಲ್ಕೂ ಸಿಡಿ ಇವೆ. ಈಗ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಡಿಸಿ, ಯುಎಸ್‌ಬಿ ಡಿವಿಡಿ ಡ್ರೈವ್ ತಂದು ಇನ್‌ಸ್ಟಾಲ್ ಮಾಡಿದೆ. ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ. ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬಹುದೇ?
– ಸಾಗರದ ಓದುಗರು

ಉತ್ತರ: ದಯವಿಟ್ಟು ಹಾಕಬೇಡಿ. ಲ್ಯಾಪ್‌ಟಾಪಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆ ಹಳೇ ಹಾರ್ಡ್ ಡಿಸ್ಕಿನಲ್ಲಿ ಏನಿದೆ ಅನ್ನುವುದನ್ನು ನೋಡೋಣ.

ನಿಮ್ಮ ತಂದೆಯವರ ಎಂಟು ವರ್ಷದ ಹಾರಾಟ ಸಿಡಿಯಲ್ಲಿ ಇಲ್ಲ. ಅದು ಇರುವುದು ‘ಮೈ ಡಾಕ್ಯುಮೆಂಟ್ಸ್’ ಒಳಗಿನ ‘ಫ್ಲೈಟ್ ಸಿಮ್ಯುಲೇಟರ್ ಫೈಲ್ಸ್’ ಎಂಬ ಫೋಲ್ಡರಿನಲ್ಲಿ. ಅವರು ಸೇವ್ ಮಾಡಿದ ಒಂದೊಂದು ಹಾರಾಟಕ್ಕೂ ಅಲ್ಲಿ ಎರಡು ಫೈಲ್ ಇರುತ್ತವೆ. ಒಂದು ವಿಮಾನ ಎಲ್ಲಿತ್ತು ಅಂತ ಹೇಳುತ್ತದೆ, ಇನ್ನೊಂದು ಆಗಿನ ಹವಾಮಾನ. ಜೊತೆಗೆ ಲಾಗ್‌ಬುಕ್ ಫೈಲ್ ಕೂಡ ಅಲ್ಲೇ ಇರುತ್ತದೆ. ಯಾವ ದಿನ, ಯಾವ ವಿಮಾನ, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆ ಅನ್ನುವುದೆಲ್ಲ ಅದರಲ್ಲಿ ದಾಖಲಾಗಿದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಈ ಆಟದಲ್ಲಿ ವಿಕರ್ಸ್ ವಿಮಿ ಅಂತ ಎರಡು ರೆಕ್ಕೆ ಮೇಲೆ ಕೆಳಗೆ ಇರುವ ಹಳೇ ವಿಮಾನವಿದೆ. 1919ರಲ್ಲಿ ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸಹೋದರರು ಅಂಥದ್ದರಲ್ಲೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದ ಡಾರ್ವಿನ್‌ಗೆ 28 ದಿನದಲ್ಲಿ ಹೋದರು. ದಾರಿಯಲ್ಲಿ ಕರಾಚಿ, ದೆಹಲಿ, ಅಲಹಾಬಾದ್, ಕಲ್ಕತ್ತಾ. ನಾನು ಆ ದಾರಿಯನ್ನು ಒಂದು ಇಡೀ ಮಳೆಗಾಲ, ದಿನಕ್ಕೊಂದು ತುಂಡಿನಂತೆ ಹಾರಿದ್ದೆ. 2010ರಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವಾಗ ‘ಸಿಡಿ ಇದೆಯಲ್ಲ’ ಎಂದು ಧೈರ್ಯವಾಗಿದ್ದೆ. ಆಟ ಮತ್ತೆ ಬಂತು, ಲಾಗ್‌ಬುಕ್ ಬರಲಿಲ್ಲ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಳೇ ಕಂಪ್ಯೂಟರ್ ಆನ್ ಆದರೆ ಆ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಆನ್ ಆಗದಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿಸಿ. ಅಷ್ಟು ಹಳೆಯದರ ಕೇಬಲ್ ಜೋಡಣೆ ಐಡಿಇ ಎಂಬ ಹಳೇ ಬಗೆಯದಾಗಿರಬಹುದು, ಸಾಟಾ ಎಂಬ ಆಮೇಲಿನ ಬಗೆಯದೂ ಆಗಿರಬಹುದು. ಎರಡಕ್ಕೂ ಹೊಂದುವ ಯುಎಸ್‌ಬಿ ಕನ್ವರ್ಟರ್ ಕೇಳಿ ತನ್ನಿ. ನಿಮ್ಮೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿಸಿ. ದೊಡ್ಡ ಡಿಸ್ಕಿಗೆ ಕರೆಂಟ್ ಬೇರೆಯೇ ಬೇಕು, ಹಾಗಾಗಿ ಅಡಾಪ್ಟರ್ ಇರುವುದನ್ನೇ ತನ್ನಿ. ಅಪ್ಪನ ಹೆಸರಿನ ಫೋಲ್ಡರ್ ತೆರೆಯುವಾಗ ವಿಂಡೋಸ್ ಅನುಮತಿ ಕೇಳುತ್ತದೆ, ಕೊಡಿ. ಆಟದ ಮುಖ್ಯ ಫೋಲ್ಡರಿನೊಳಗೆ ‘ಏರ್‌ಕ್ರಾಫ್ಟ್’ ಮತ್ತು ‘ಆ್ಯಡಾನ್ ಸೀನರಿ’ ಎಂಬ ಎರಡು ಫೋಲ್ಡರ್ ಇವೆ. ಅವರು ಆಮೇಲೆ ಸೇರಿಸಿಕೊಂಡ ವಿಮಾನ, ನಿಲ್ದಾಣಗಳೆಲ್ಲ ಅಲ್ಲಿರುತ್ತವೆ. ಅವನ್ನೂ ಬಿಡಬೇಡಿ. ಎಲ್ಲದಕ್ಕೂ ಎರಡು ಪ್ರತಿ ಮಾಡಿ, ಬೇರೆ ಬೇರೆ ಕಡೆ ಇಡಿ.

ಈಗ ಲ್ಯಾಪ್‌ಟಾಪಿನ ವಿಷಯ. ತಪ್ಪು ನಿಮ್ಮದಲ್ಲ, ಸಿಡಿಯದ್ದೂ ಅಲ್ಲ. ಈ ಆಟ ಶುರುವಾಗುವಾಗ ನಾಲ್ಕನೇ ಸಿಡಿ ಅಸಲಿಯೇ ಎಂದು ಪರೀಕ್ಷಿಸುತ್ತದೆ. ಆ ಕೆಲಸ ಮಾಡುವುದು ಸೇಫ್‌ಡಿಸ್ಕ್ ಎಂಬ ಕಾವಲು. ಅದಕ್ಕೆ ವಿಂಡೋಸ್ ಒಳಗೆ ಒಂದು ಡ್ರೈವರ್, ಅಂದರೆ ಸಹಾಯಕ ತಂತ್ರಾಂಶ, ಬೇಕು. ಸುರಕ್ಷತೆಯ ಕಾರಣಕ್ಕೆ 2015ರಲ್ಲಿ ಬಂದ ವಿಂಡೋಸ್ 10ರಿಂದ ಆ ಡ್ರೈವರನ್ನು ಕೈಬಿಟ್ಟರು. ಕಾವಲುಗಾರನೇ ಇಲ್ಲದ ಮೇಲೆ ಬಾಗಿಲು ತೆಗೆಯುವವರು ಯಾರು? ಸಿಡಿಯನ್ನು ಸುಮ್ನೆ ಕಾಪಿ ಮಾಡಿದರೂ ಪರೀಕ್ಷೆ ಪಾಸಾಗುವುದಿಲ್ಲ. ಓದಲು ಬಾರದ ಜಾಗಗಳನ್ನು ಬೇಕೆಂದೇ ಅದರಲ್ಲಿ ಮಾಡಿಟ್ಟಿರುತ್ತಾರೆ. ‘ಸಿಡಿ ಬೇಡದ ಫೈಲ್’ ಎಂದು ಸಿಗುವುದನ್ನು ಇಳಿಸಿಕೊಳ್ಳಬೇಡಿ. ಅದರೊಳಗೆ ಏನು ಸೇರಿಸಿದ್ದಾರೋ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಅಪ್ಪನ ಪಿಂಚಣಿ ಖಾತೆ ನೋಡುವ ಲ್ಯಾಪ್‌ಟಾಪ್ ಅದೇ ಅಲ್ವಾ?

ಹಾಗಾಗಿ ಹಳೇ ಕಂಪ್ಯೂಟರನ್ನೇ ರಿಪೇರಿ ಮಾಡಿಸಿ ಎನ್ನುತ್ತೇನೆ. ಪ್ರತಿ ಸಲ ತಾರೀಖು ತಪ್ಪಿ ನಿಲ್ಲುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032, ಬದಲಿಸಿದರೆ ಸಾಕಾಗಬಹುದು. ವಿಂಡೋಸ್ ಎಕ್ಸ್‌ಪಿ ಇದ್ದರೆ ಇಂಟರ್‌ನೆಟ್ ಮಾತ್ರ ಜೋಡಿಸಬೇಡಿ. ಅದಕ್ಕೆ ಸುರಕ್ಷತಾ ಅಪ್‌ಡೇಟ್ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಹಾರುವುದಕ್ಕೆ ಇಂಟರ್‌ನೆಟ್ ಬೇಕಾಗಿಯೂ ಇಲ್ಲ.

ಸಾಗರದ ಮಳೆಗೆ ಸಿಡಿಗೂ ಬೂಷ್ಟು ಹಿಡಿಯುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ಉಜ್ಜಬೇಡಿ. ಹೊಳೆಯುವ ಬದಿಗಿಂತ ಹೆಸರು ಬರೆದ ಬದಿಯೇ ನಾಜೂಕು. ಮಾಹಿತಿಯ ಪದರ ಆ ಬಣ್ಣದ ಕೆಳಗೇ ಇರುತ್ತದೆ.

ಲಾಗ್‌ಬುಕ್ ತೆರೆದ ಮೇಲೆ ಮೇಷ್ಟ್ರು ಒಟ್ಟು ಎಷ್ಟು ಗಂಟೆ ಹಾರಿದ್ದರು ಎಂದು ನನಗೊಂದು ಸಾಲು ಬರೆಯಿರಿ. ನಿಜವಾಗಿಯೂ ತಿಳಿಯಬೇಕೆನಿಸಿದೆ.

ಪ್ರಶ್ನೆ: ನನ್ನ ಹತ್ತಿರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಡಿವಿಡಿ ಇದೆ. ಹೊಸದಾಗಿ ಹಾಕಿದ ಮೇಲೆ ಅರ್ಧ ಗಂಟೆಗೆ ನಿಂತುಹೋಗುತ್ತದೆ. ಡಿವಿಡಿ ಹಾಳಾಗಿದೆಯೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಹಾಳಾಗಿಲ್ಲ. ರಿಜಿಸ್ಟರ್ ಮಾಡುವುದು, ಅಂದರೆ ಆ್ಯಕ್ಟಿವೇಶನ್, ಬಾಕಿ ಇದೆ. 2006ರ ಈ ಆಟಕ್ಕೆ 25 ಅಕ್ಷರ-ಅಂಕಿಗಳ ಕೀ ಇದೆ. ಆ್ಯಕ್ಟಿವೇಟ್ ಆಗುವ ತನಕ ಒಂದು ಸಲಕ್ಕೆ 30 ನಿಮಿಷ ಮಾತ್ರ. ಬೆಂಗಳೂರಿನ ಎಚ್‌ಎಎಲ್‌ನಿಂದ ಸೆಸ್ನಾ ಎಂಬ ಪುಟ್ಟ ವಿಮಾನದಲ್ಲಿ ಮೈಸೂರಿನ ಕಡೆ ಹೊರಟರೆ ಮಂಡ್ಯದ ಹತ್ತಿರವೇ ಆಟ ಮುಗಿದಿರುತ್ತದೆ! (ದೇವನಹಳ್ಳಿ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಹಾಗಾಗಿ ಈ ಆಟದ ಬೆಂಗಳೂರಿಗೆ ಇನ್ನೂ ಎಚ್‌ಎಎಲ್ಲೇ ನಿಲ್ದಾಣ. ನನಗೆ ಅದು ಇಷ್ಟ.)

ಡಿವಿಡಿ ಪೆಟ್ಟಿಗೆ, ಅದರೊಳಗಿನ ಕಾಗದ ಎಲ್ಲ ತಿರುವಿ ನೋಡಿ. ಕೀ ಸಿಕ್ಕರೆ ಫೋಟೊ ತೆಗೆದಿಡಿ, ನೋಟ್‌ಬುಕ್ಕಿನಲ್ಲೂ ಬರೆದಿಡಿ. ಬರೆಯುವಾಗ ಎಂಟು ಮತ್ತು ಇಂಗ್ಲಿಷ್ ‘ಬಿ’ ಎರಡೂ ಒಂದೇ ಥರ ಕಾಣದ ಹಾಗೆ ಬಿಡಿಸಿ ಬರೆಯಿರಿ. ಕೀ ಸಿಗದೇ ಹೋದರೆ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ 2014ರ ಡಿಸೆಂಬರ್‌ನಲ್ಲಿ ಬಂದ ಆವೃತ್ತಿಯನ್ನು ಬೇರೆಯಾಗಿ ಕೊಳ್ಳಬೇಕು. ಹಳೇ ಡಿವಿಡಿಯ ಕೀ ಅಲ್ಲಿ ನಡೆಯುವುದಿಲ್ಲ, ಅಲ್ಲಿ ಕೊಂಡದ್ದಕ್ಕೆ ನಿಮ್ಮ ಸ್ಟೀಮ್ ಖಾತೆಯೇ ಸಾಕು.

ಪ್ರಶ್ನೆ: ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರಿನಲ್ಲಿ ಮಾಡಿದ ಬದಲಾವಣೆಗಳು ಫೋಲ್ಡರಿನಲ್ಲಿ ಕಾಣುವುದಿಲ್ಲ. ಬ್ಯಾಕಪ್ ಹೇಗೆ ಮಾಡಲಿ?
– ಅರಸೀಕೆರೆಯ ಓದುಗರು

ಉತ್ತರ: ವಿಂಡೋಸ್ ವಿಸ್ತಾ ಬಂದಾಗಿನಿಂದ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹಳೇ ಆಟಗಳು ಬರೆಯಲು ಹೋದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ‘ವರ್ಚುವಲ್ ಸ್ಟೋರ್’ ಎಂಬ ಅಡಗಿದ ಫೋಲ್ಡರಿಗೆ ತಿರುಗಿಸುತ್ತದೆ. ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ‘ಆ್ಯಪ್ ಡೇಟಾ’, ಅದರೊಳಗೆ ‘ಲೋಕಲ್’, ಅಲ್ಲಿ ಹುಡುಕಿ. ಇನ್ನು ಮುಂದೆ ಆಟವನ್ನು ಸಿ ಡ್ರೈವಿನಲ್ಲಿ ‘ಗೇಮ್ಸ್’ ಎಂಬ ಬೇರೆ ಫೋಲ್ಡರ್ ಮಾಡಿ ಹಾಕಿ, ಈ ತೊಂದರೆಯೇ ಇರುವುದಿಲ್ಲ.

2001ರ ಈ ಆಟಕ್ಕೆ ಓಪನ್ ರೈಲ್ಸ್ ಎಂಬ ಉಚಿತ ತಂತ್ರಾಂಶ ದೊಡ್ಡ ಆಸರೆ. ನಮ್ಮ ದೇಶದ ರೈಲು ಪ್ರೇಮಿಗಳು ಮಾಡಿದ ಡಬ್ಲ್ಯೂಡಿಎಂ-2ರಂಥ ಎಂಜಿನ್‌ಗಳನ್ನೂ ಅದರಲ್ಲಿ ಓಡಿಸಬಹುದು. ಹಳೇ ಆಟದ ಫೋಲ್ಡರನ್ನೇ ಅದು ನೇರವಾಗಿ ಓದುತ್ತದೆ. ಹಾಗಾಗಿ ‘ಗ್ಲೋಬಲ್’, ‘ರೂಟ್ಸ್’, ‘ಟ್ರೇನ್ಸ್’, ‘ಸೌಂಡ್’ ನಾಲ್ಕನ್ನೂ ಒಟ್ಟಿಗೆ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ವರ್ಚುವಲ್ ಸ್ಟೋರಿನಲ್ಲಿ ಸಿಕ್ಕ ಫೈಲುಗಳನ್ನು ಕೊನೆಗೆ ಅವುಗಳ ಮೇಲೆ ಹಾಕಿ, ಮೊದಲೇ ಹಾಕಿದರೆ ಹಳೇ ಫೈಲು ಬಂದು ಹೊಸದನ್ನು ಅಳಿಸಿಬಿಡುತ್ತದೆ.