ಮ್ಯಾನೇಜರ್ ಅವರನ್ನು ‘ಅವಂಕ್ಯುಲರ್’ ಎನ್ನಬಹುದೇ?

ವರ್ಗವಾಗಿ ಹೋಗುತ್ತಿರುವ ನಿಮ್ಮ ಮ್ಯಾನೇಜರ್‌ಗೆ ನಲವತ್ತು ವರ್ಷ, ನಿಮಗೆ ಮೂವತ್ನಾಲ್ಕು. ಕೈಹಿಡಿದು ಕೆಲಸ ಕಲಿಸಿದ ಅವರನ್ನು ಇಂಗ್ಲಿಷಿನ ಬೀಳ್ಕೊಡುಗೆ ಪತ್ರದಲ್ಲಿ ‘ಅವಂಕ್ಯುಲರ್’ (avuncular, ಅಂದರೆ ಕಿರಿಯರ ಕಡೆ ಹಿರಿಯರ ಅಕ್ಕರೆ ತೋರುವವರು) ಎಂದು ಬಣ್ಣಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನನಗೆ ಬಹಳ ಇಷ್ಟವಾದ ಪದ ಅದು. ಅದಕ್ಕೇ ಸಲ್ಲದ ಕಡೆ ಬಳಸಬೇಡಿ ಎನ್ನುತ್ತಿದ್ದೇನೆ.

ಈ ಪದದ ಮೂಲ ಲ್ಯಾಟಿನ್ನಿನ ‘ಅವಂಕ್ಯುಲಸ್’. ಹಾಗೆಂದರೆ ತಾಯಿಯ ತಮ್ಮ ಅಥವಾ ಅಣ್ಣ, ಅಂದರೆ ನಮ್ಮ ಸೋದರಮಾವ. ತಂದೆಯ ಒಡಹುಟ್ಟಿದವನಿಗೆ ‘ಪತ್ರುಅಸ್’ ಎಂಬ ಬೇರೆಯೇ ಪದವಿತ್ತು. ರೋಮನ್ನರ ಬರಹಗಳಲ್ಲಿ ಈ ಪತ್ರುಅಸ್ ಮುಖ ಗಂಟಿಕ್ಕಿಕೊಂಡು ಬೈಯುವವನು. ನಮ್ಮಲ್ಲೂ ಚಿಕ್ಕಪ್ಪ, ದೊಡ್ಡಪ್ಪ, ಮಾವ ಬೇರೆ ಬೇರೆಯೇ. ಇಂಗ್ಲಿಷಿನವರು ಎಲ್ಲರನ್ನೂ ‘ಅಂಕಲ್’ ಮಾಡಿಬಿಟ್ಟರು. ಆ ಅಂಕಲ್ ಕೂಡ ಅವಂಕ್ಯುಲಸ್‌ನಿಂದಲೇ ಫ್ರೆಂಚಿನ ಮೂಲಕ ಬಂದದ್ದು.

ಹಾಗೆಂದು ಕನ್ನಡದ ಸೋದರಮಾವನನ್ನು ಇದರೊಳಗೆ ತಂದು ಕೂರಿಸಬಾರದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೋದರಮಾವ ಅಕ್ಕನ ಮಗಳಿಗೆ ಮದುವೆಯ ವರಸೆ. ಸಲುಗೆ, ತಮಾಷೆ ಎಲ್ಲವೂ ಅಲ್ಲಿವೆ. ಇಂಗ್ಲಿಷಿನ ಪದದಲ್ಲಿ ಅದಾವುದೂ ಇಲ್ಲ. ಅಲ್ಲಿರುವುದು ವಯಸ್ಸಾದ ಗಂಡಸೊಬ್ಬ ಕಿರಿಯರ ಕಡೆ ತೋರುವ ನಿರಾಳವಾದ ಅಕ್ಕರೆ. ಅಪ್ಪನ ಅಧಿಕಾರವಾಗಲಿ ಗೆಳೆಯನ ಸಮಾನತೆಯಾಗಲಿ ಅದರಲ್ಲಿಲ್ಲ.

ಅಮೆರಿಕದಲ್ಲಿ ಈ ಪದಕ್ಕೆ ಹೇಳಿ ಮಾಡಿಸಿದಂತಿದ್ದವರು ವಾಲ್ಟರ್ ಕ್ರಾಂಕೈಟ್. 1962ರಿಂದ 1981ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಸಂಜೆಯ ವಾರ್ತೆ ಓದಿದ ಅವರನ್ನು ಜನ ‘ಅಂಕಲ್ ವಾಲ್ಟರ್’ ಎನ್ನುತ್ತಿದ್ದರು. 1963ರಲ್ಲಿ ಅಧ್ಯಕ್ಷ ಕೆನಡಿಯ ಸಾವನ್ನು ತಿಳಿಸುವಾಗ ಕನ್ನಡಕ ತೆಗೆದು, ಗೋಡೆಯ ಗಡಿಯಾರದತ್ತ ನೋಡಿ, ಗಂಟಲು ಸರಿಪಡಿಸಿಕೊಂಡು ಮುಂದುವರಿದರು. ಕೆಟ್ಟ ಸುದ್ದಿಯನ್ನು ಮನೆಯ ಹಿರಿಯರೇ ಕೂರಿಸಿಕೊಂಡು ಹೇಳಿದ ಹಾಗಿತ್ತು ಅದು.

ಈಗ ನಿಮ್ಮ ಪತ್ರಕ್ಕೆ ಬರೋಣ. ಆರು ವರ್ಷ ದೊಡ್ಡವರನ್ನು ಹೀಗೆ ಕರೆದರೆ ಅವರಿಗೆ ತಾನು ಮುದುಕನಾದೆನೇ ಎನ್ನಿಸುತ್ತದೆ. ಬಡ್ತಿಗೆ ಕಾದಿರುವವರಾದರೆ ಇನ್ನೂ ಇರುಸುಮುರುಸು. ‘ಒಳ್ಳೆಯ ಮನುಷ್ಯ, ಆದರೆ ಚುರುಕಿಲ್ಲ’ ಎಂಬ ಅರ್ಥವನ್ನೂ ಯಾರಾದರೂ ಓದಿಕೊಂಡಾರು. ಹೆಂಗಸರಿಗಂತೂ ಈ ಪದ ಸಲ್ಲುವುದೇ ಇಲ್ಲ. ‘ಜೆನರಸ್’ ಎಂದು ಬರೆಯಿರಿ, ಅದರ ಹಿಂದೆಯೇ ಅವರು ನಿಮಗೆ ಕಲಿಸಿದ ಒಂದು ಕೆಲಸವನ್ನು ಹೆಸರಿಸಿ.

ಮುಂದೆ ಅರವತ್ತು ತುಂಬಿ ನಿವೃತ್ತರಾಗುವ ಹಿರಿಯರಿಗೆ ಬರೆಯುವಾಗ ಇದನ್ನು ಧಾರಾಳವಾಗಿ ಬಳಸಿ. ಆಗಲೂ ‘ಹೀ ಈಸ್ ಅವಂಕ್ಯುಲರ್’ ಎಂದು ಮನುಷ್ಯನಿಗೇ ಹಚ್ಚುವುದಕ್ಕಿಂತ ಅವರ ಮಾತಿನ ಧಾಟಿಗೋ ನಡವಳಿಕೆಗೋ ಸೇರಿಸುವುದು ಚೆನ್ನ: ‘ಆನ್ ಅವಂಕ್ಯುಲರ್ ಮ್ಯಾನರ್’. ಪದಕ್ಕೆ ಮೊದಲು ‘ಎ’ ಅಲ್ಲ, ‘ಆನ್’ ಬರಬೇಕು. ಉಚ್ಚರಿಸುವಾಗ ಒತ್ತು ‘ವಂ’ ಮೇಲಿರಲಿ.