ಪತ್ರಿಕೆಗೆ 'ಸಿಂಪಡಿಸತಕ್ಕದ್ದು' ಬೇಡ, 'ಒಂದು ಮುಚ್ಚಳ ಸಾಕು' ಕೂಡ ಬೇಡ

ಕೈತೋಟದವರಿಗಾಗಿ ಮೂರು ತಿಂಗಳಿಗೊಂದು ಪತ್ರಿಕೆ ತರುತ್ತಿದ್ದೀರಿ, ಭಾಷೆ ಪುಸ್ತಕದ ಥರ ಇರಬೇಕಾ, ಮಾತಾಡುವ ಥರ ಇರಬೇಕಾ ಎಂದು ಕೇಳಿದ್ದೀರಿ. ಇಂಥದ್ದೇ ಒಂದು ಪತ್ರಿಕೆಯ ಬರಹಗಳನ್ನು ಕೆಲವು ವರ್ಷ ತಿದ್ದಿದ್ದೇನೆ. ಎರಡೂ ಕಡೆ ಎಡವಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಆಗುತ್ತದೆ.

ಕ್ರಿಯಾಪದಗಳನ್ನು ಬರಹದ ರೂಪದಲ್ಲೇ ಇಡಿ. ಮೊದಲ ಸಂಚಿಕೆಯಲ್ಲಿ ನಾನು ಪೂರ್ತಿ ನಮ್ಮನೆ ಮಾತಿನಲ್ಲೇ ಬರೆದಿದ್ದೆ, 'ಮಾಡ್ತೀನಿ, ಬರತ್ತೆ' ಅಂತ. ಒಬ್ಬರು ಅವನ್ನೆಲ್ಲ ಅಚ್ಚಿನ ತಪ್ಪು ಎಂದುಕೊಂಡು ಕೆಂಪು ಸುತ್ತು ಹಾಕಿ ಕಳಿಸಿದರು! ಅವರ ಕಡೆ 'ಮಾಡ್ತೇನೆ, ಬರ್ತದೆ'. ಇನ್ನೊಂದು ಕಡೆ 'ಮಾಡ್ತೇನ್ರಿ, ಬರ್ತೈತಿ'. 'ಮಾಡುತ್ತೇನೆ, ಬರುತ್ತದೆ' ಎಂದರೆ ಯಾರದ್ದೂ ತಕರಾರಿಲ್ಲ.

ಪದಗಳ ವಿಷಯದಲ್ಲಿ ಮಾತ್ರ ಧಾರಾಳವಾಗಿ ಸಡಿಲ ಬಿಡಿ. 'ಜಲಸಿಂಚನ' ಅಂದರೆ ನೀರು ಹಾಕುವುದು ತಾನೇ? ಹಾಗೇ ಬರೆಯಿರಿ. ಎಲ್ಲರೂ ಕಾಂಪೋಸ್ಟ್ ಎನ್ನುವಾಗ ಸುಮ್ನೆ ಹೊಸ ಪದ ಹುಡುಕುತ್ತಾ ಕೂರಬೇಡಿ. ಇನ್ನೊಂದು ಕಾಟ 'ಲಾಗುತ್ತದೆ'. 'ಒಣಗಿದ ರೆಂಬೆಗಳನ್ನು ಕತ್ತರಿಸಲಾಗುತ್ತದೆ' ಎಂದರೆ ಕತ್ತರಿಸುವವರು ಯಾರು? ಓದುವವರೇ ಅಲ್ವಾ? 'ಒಣಗಿದ ರೆಂಬೆ ಕತ್ತರಿಸಿ' ಎಂದರೆ ಮುಗಿಯಿತು. ಓದುಗರನ್ನು 'ನೀವು' ಎನ್ನಿ. ಮಕ್ಕಳ ಪುಟಕ್ಕೆ 'ನೀನು' ಚೆನ್ನಾಗಿರುತ್ತದೆ, ಆದರೆ ಒಂದೇ ಬರಹದಲ್ಲಿ ಎರಡೂ ಬಂದರೆ ಬರೆದವರು ಇಬ್ಬರೇನೋ ಅನ್ನಿಸುತ್ತದೆ.

ಅಳತೆ ಬಂದ ಕಡೆ ಈ ಸಲಿಗೆ ನಡೆಯುವುದಿಲ್ಲ. 'ಲೀಟರ್ ನೀರಿಗೆ ಬೇವಿನೆಣ್ಣೆ ಒಂದು ಮುಚ್ಚಳ ಸಾಕು' ಎಂದು ಒಮ್ಮೆ ಬರೆದಿದ್ದೆ. ನನ್ನ ಬಾಟಲಿಯ ಮುಚ್ಚಳದಲ್ಲಿ ಹಿಡಿಯುವುದು 5 ಮಿಲಿ. ಓದಿದವರೊಬ್ಬರ ಹತ್ತಿರ ಇದ್ದದ್ದು ದೊಡ್ಡ ಕ್ಯಾನ್! ಎಲೆಗಳೆಲ್ಲ ಸುಟ್ಟವು, ಬೈಗುಳ ನನಗೆ ಬಂತು, ಬರಲೇಬೇಕಿತ್ತು. ಆಮೇಲಿಂದ ಇಂಥ ಮಾಹಿತಿ ಬೇರೆಯೇ ಚೌಕದಲ್ಲಿ, ಒಣ ಭಾಷೆಯಲ್ಲಿ: '1 ಲೀಟರ್ ನೀರು. 5 ಮಿಲಿ ಬೇವಿನೆಣ್ಣೆ. ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ. ಬಿಸಿಲು ಇಳಿದ ಮೇಲೆ ಸಿಂಪಡಿಸಿ.' ಗಿಡದ ವೈಜ್ಞಾನಿಕ ಹೆಸರನ್ನೂ ಅಲ್ಲೇ ಒಂದು ಸಲ ಕೊಡಿ. ಒಂದೇ ಹೆಸರಿನಿಂದ ಎರಡು ಬೇರೆ ಗಿಡಗಳನ್ನು ಕರೆಯುವುದು ಜಾಸ್ತಿ.

ನಿಮ್ಮ ಓದುಗರಲ್ಲಿ ಹೊಸಬರು ಎಷ್ಟು, ಹಳಬರು ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಹೊಸಬರೇ ಜಾಸ್ತಿ ಇದ್ದರೆ 'ಕಸಿ' ಅಂದರೇನು ಎಂದು ಒಂದು ಸಾಲು ಸೇರಿಸಬೇಕು. ಹಳಬರಿಗೆ ಅದೇ ಸಾಲು ರೇಗಿಸುತ್ತದೆ.

ಓದುಗರ ಪತ್ರಗಳನ್ನು ಮಾತ್ರ ತಿದ್ದಲು ಹೋಗಬೇಡಿ. ಕಾಗುಣಿತ ನೋಡಿ ಬಿಟ್ಟುಬಿಡಿ. 'ಬರ್ತೈತಿ' ಎಂದು ಬರೆದವರದ್ದು 'ಬರ್ತೈತಿ' ಅಂತಲೇ ಅಚ್ಚಾಗಲಿ. ನಮ್ಮಲ್ಲಿ ಎಲ್ಲರೂ ಮೊದಲು ತೆಗೆಯುತ್ತಿದ್ದದ್ದು ಆ ಪುಟವನ್ನೇ.