15 ವರ್ಷಗಳ ನಂತರ ಸ್ವಂತ ಆಲ್ಬಂ: ದಿನಾಂಕವನ್ನು ಯಾವಾಗ ಪ್ರಕಟಿಸಬೇಕು?

ಬ್ಯಾಂಡ್ ಬಿಟ್ಟು 15 ವರ್ಷಗಳಾದ ಮೇಲೆ ಸ್ವಂತ ರಾಕ್ ಆಲ್ಬಂ ತರುವಾಗ, ಹಳೆಯ ಅಭಿಮಾನಿಗಳಿಗೆ ಬಿಡುಗಡೆಯ ದಿನವನ್ನು ಎಷ್ಟು ತಿಂಗಳು ಮೊದಲೇ ತಿಳಿಸಬೇಕೆಂದು ಕೇಳಿದ್ದೀರಿ. ತಿಳಿಸಲೇಬೇಡಿ. ನಾನೂ ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕಾಲೇಜು ಉತ್ಸವಗಳಲ್ಲಿ ಹಾಡುತ್ತಿದ್ದು, ನೌಕರಿ ಸಿಕ್ಕ ಮೇಲೆ ಗಿಟಾರನ್ನು ಅಟ್ಟಕ್ಕೇರಿಸಿ, ತಲೆ ನರೆತ ಮೇಲೆ ಅದನ್ನು ಕೆಳಗಿಳಿಸಿದವನು.

ಒಂದು ಹಾಡೂ ಮುಗಿಯದಿರುವಾಗ ನಾನು ಫೇಸ್‌ಬುಕ್‌ನಲ್ಲಿ ದಿನಾಂಕ ಪ್ರಕಟಿಸಿದ್ದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು. ಇದರಿಂದಾದ ಹಾನಿಯನ್ನು ಬಿಡಿಸಿಯೇ ಹೇಳಬೇಕು. ದಿನ ಹತ್ತಿರವಾಗುತ್ತಿದ್ದುದರಿಂದ ಡ್ರಮ್ಸ್, ಬೇಸ್ (ತಗ್ಗು ದನಿಯ ಗಿಟಾರ್), ಗಿಟಾರ್‌ಗಳನ್ನು ಮೊದಲು ಧ್ವನಿಮುದ್ರಿಸಿದೆವು. ಅದೂ ನಾನು ಹುಡುಗನಾಗಿದ್ದಾಗ ಹಾಡುತ್ತಿದ್ದ 'ಇ' ಶ್ರುತಿಯಲ್ಲಿ. ಮೈಕಿನ ಮುಂದೆ ನಿಂತಾಗ ಪಲ್ಲವಿಯ ಮೇಲಿನ ಸ್ವರಗಳು ಕಂಠಕ್ಕೆ ಎಟುಕಲೇ ಇಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಡಿ'ಗೆ ಇಳಿಸಿದ್ದರೆ ಸಾಕಿತ್ತು. ಆದರೆ ಆ ರಿಫ್‌ಗಳೆಲ್ಲ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕುಗಳೆಲ್ಲ, ಗಿಟಾರಿನ ದಪ್ಪ ತಂತಿಯನ್ನು ಬೆರಳೊತ್ತದೆ ಮೀಟಿದಾಗ ಬರುವ 'ಇ'ಯ ಮೇಲೇ ನಿಂತಿದ್ದವು. ಶ್ರುತಿ ಇಳಿಸಲು ಆರೂ ತಂತಿಗಳನ್ನು ಸಡಿಲಿಸಬೇಕು, ಸಡಿಲಗೊಂಡ ತೆಳು ತಂತಿ ಫ್ರೆಟ್‌ಗಳಿಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ) ತಾಗಿ ಗರಗರ ಎನ್ನುವುದರಿಂದ ಇನ್ನೂ ದಪ್ಪನೆಯ ತಂತಿಗಳನ್ನು ಹಾಕಬೇಕು, ಹಾಕಿದ ಮೇಲೆ ತಂತಿಗಳನ್ನು ಬುಡದಲ್ಲಿ ಹೊತ್ತಿರುವ ಬ್ರಿಜ್ ಸರಿಪಡಿಸಬೇಕು, ಬೇಸನ್ನೂ ಇಳಿಸಿ ಎರಡನ್ನೂ ಮೊದಲಿನಿಂದ ನುಡಿಸಬೇಕು. ಕಂಪ್ಯೂಟರಿನಲ್ಲೇ ಇಳಿಸಿ ನೋಡಿದಾಗ ಗಿಟಾರಿನ ಮೊನಚೆಲ್ಲ ಮಸುಕಾಯಿತು. ಸಮಯವಿಲ್ಲದ್ದರಿಂದ ನಾನು ಕಿರುಚಿದೆ, ಅಪಸ್ವರಗಳನ್ನು ಸಾಫ್ಟ್‌ವೇರ್ ತಿದ್ದಿತು, ಹಾಡಿದವರು ಯಾರೆಂದು ನನ್ನ ಹೆಂಡತಿಯೇ ಕೇಳಿದಳು.

ಇದಕ್ಕೆ ತದ್ವಿರುದ್ಧವಾಗಿ ನಡೆದವರು ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ. ಅವರು 2003ರ 'ರಿಯಾಲಿಟಿ' ಆಲ್ಬಮ್ಮಿನ ನಂತರ, ಮರುವರ್ಷ ಹೃದಯದ ರಕ್ತನಾಳಕ್ಕೆ ಚಿಕಿತ್ಸೆಯಾದ ಮೇಲೆ, ಹೆಚ್ಚುಕಡಿಮೆ ಹತ್ತು ವರ್ಷ ಹೊಸ ಆಲ್ಬಂ ತರಲಿಲ್ಲ. 2013ರ ಜನವರಿ 8ರಂದು, ತಮ್ಮ 66ನೆಯ ಹುಟ್ಟುಹಬ್ಬದ ದಿನ, ಸುಳಿವೇ ಕೊಡದೆ 'ವೇರ್ ಆರ್ ವಿ ನೌ?' ಎಂಬ ಹಾಡನ್ನು ಬಿಡುಗಡೆ ಮಾಡಿದರು. ಅದಿರುವ 'ದ ನೆಕ್ಸ್ಟ್ ಡೇ' ಆಲ್ಬಮ್ಮನ್ನು ನಿರ್ಮಾಪಕ ಟೋನಿ ವಿಸ್ಕಾಂಟಿಯವರೊಂದಿಗೆ ನ್ಯೂಯಾರ್ಕಿನಲ್ಲಿ, ವಾದಕರಿಂದ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಬಿಟ್ಟುಬಿಟ್ಟು ಸುಮಾರು ಎರಡು ವರ್ಷ ಧ್ವನಿಮುದ್ರಿಸಿದ್ದರು. ಯಾರಿಗೂ ತಿಳಿಯದ ಕೆಲಸಕ್ಕೆ ಗಡುವು ಹಾಕುವವರೂ ಇರುವುದಿಲ್ಲ. ಆ ಹಾಡಿನಲ್ಲಿ ಅವರು ವಯಸ್ಸಾದ, ಕೊಂಚ ನಡುಗುವ ದನಿಯನ್ನು ಮರೆಮಾಚಿಲ್ಲ. ನನಗೆ ಹಿಡಿಸಿದ್ದೂ ಅದೇ. ಮಾರ್ಚಿನಲ್ಲಿ ಬಂದ ಆಲ್ಬಂ, ಅವರು ಒಂದು ಸಂಗೀತ ಕಛೇರಿಯನ್ನೂ ಮಾಡದಿದ್ದರೂ, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಅವರು ಬೋವಿ, ಪತ್ರಿಕೆಗಳು ತಾವಾಗಿಯೇ ಬರೆದವು ಎನ್ನುವಿರಿ. ನಿಜ, ನಮ್ಮ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ನಮ್ಮ ಹಳೆಯ ಕೇಳುಗರಲ್ಲಿ ಹೆಚ್ಚಿನವರ ಫೋನ್ ಸಂಖ್ಯೆ ನಮ್ಮ ಬಳಿಯೇ ಇರುವಾಗ, ಹಾಡು ಸಿದ್ಧವಾದ ದಿನ ಕಳಿಸಿದರಾಯಿತು.

ಸದ್ಯಕ್ಕೆ ಒಂದೇ ಗಿಟಾರ್ ಹಿಡಿದು ಪ್ರತಿ ಹಾಡನ್ನೂ ಮೂರು ನಾಲ್ಕು ಶ್ರುತಿಗಳಲ್ಲಿ ಫೋನಿನಲ್ಲಿ ಧ್ವನಿಮುದ್ರಿಸಿ, ಅದೂ ಆಫೀಸು ಮುಗಿಸಿ ದಣಿದು ಬಂದ ಸಂಜೆ. ಶ್ರುತಿ ನಿರ್ಧಾರವಾಗುವವರೆಗೆ ಡ್ರಮ್ಸ್ ನುಡಿಸುವವರಿಗೆ ಮುಂಗಡ ಕೊಡಬೇಡಿ.